ಅರದ ಗೀರನ್ನೂ ನೋಡಿ: ಇನ್ಯೂಟ್ ಶಿಲ್ಪಕ್ಕೊಂದು ಪ್ರವೇಶ

ಬೇಲೂರು, ಹಳೇಬೀಡಿನ ಬಳಪದ ಕಲ್ಲಿನಲ್ಲಿ ಒಡವೆಯ ಒಂದೊಂದು ಮಣಿಯನ್ನೂ ಎಣಿಸಿ ಬಂದ ಕಣ್ಣಿಗೆ ಉತ್ತರ ಕೆನಡಾದ ಮೂಲನಿವಾಸಿಗಳಾದ ಇನ್ಯೂಟರ ಶಿಲ್ಪಿ ಜಾನ್ ಟಿಕ್ಟಕ್ ಕೆತ್ತಿದ ತಾಯಿ-ಮಗು ಅರೆಬರೆ ಕೆಲಸದಂತೆ ಕಾಣಬಹುದು. ಬೂದು ಕಲ್ಲು, ದುಂಡು ಬೆನ್ನು, ಮುಖದಲ್ಲಿ ನಾಲ್ಕಾರು ಗೀಟು, ಅಷ್ಟೇ. ಕುಸುರಿ ಹುಡುಕುವುದನ್ನು ಬಿಟ್ಟು ಕಲ್ಲು ಎಂಥದ್ದೆಂದು ಮೊದಲು ವಿಚಾರಿಸಿ.

ಕೆನಡಾದ ಹಡ್ಸನ್ ಕೊಲ್ಲಿಯ ಪಶ್ಚಿಮ ದಂಡೆಯಲ್ಲಿರುವ ರ‍್ಯಾಂಕಿನ್ ಇನ್ಲೆಟ್‌ನಲ್ಲಿ ಕೆತ್ತುವ ಕಲ್ಲು ಗಡುಸು; ಸಣ್ಣ ಕೆಲಸಕ್ಕೆ ಬಗ್ಗುವುದಿಲ್ಲ. 1916ರಲ್ಲಿ ಹುಟ್ಟಿದ ಟಿಕ್ಟಕ್ ಬೇಟೆಗಾರರು. ಅಲ್ಲಿನ ನಿಕ್ಕಲ್ ಗಣಿಗೆ ದುಡಿಯಲು ಬಂದರು, ಪೆಟ್ಟು ಮಾಡಿಕೊಂಡರು. 1962ರಲ್ಲಿ ಗಣಿಯೇ ಮುಚ್ಚಿತು. ಕೆತ್ತನೆ ಹೊಟ್ಟೆಪಾಡಾಯಿತು. 1970ರಲ್ಲಿ ಮ್ಯಾನಿಟೋಬಾ ವಿಶ್ವವಿದ್ಯಾಲಯ ಅವರೊಬ್ಬರದೇ ಕೃತಿಗಳ ಪ್ರದರ್ಶನ ಏರ್ಪಡಿಸಿತು. ತೀರಿಕೊಂಡದ್ದು 1981ರಲ್ಲಿ.

ಇನ್ಯೂಟ್ ತಾಯಂದಿರು ಮಗುವನ್ನು ಹೊರುವುದು ‘ಅಮೌತಿ’ ಎಂಬ ಮೇಲಂಗಿಯ ಬೆನ್ನ ಜೋಳಿಗೆಯಲ್ಲಿ. ಹಾಗಾಗಿ ಈ ಶಿಲ್ಪವನ್ನು ಎದುರು ನಿಂತು ನೋಡಿದರೆ ಸಾಲದು, ಸುತ್ತು ಹಾಕಬೇಕು. ತಾಯಿ ಎಲ್ಲಿ ಮುಗಿದಳು, ಮಗು ಎಲ್ಲಿ ಶುರುವಾಯಿತು ಎಂದು ಹುಡುಕಿ. ಗಡಿ ಸುಲಭಕ್ಕೆ ಸಿಗದು. ತೋಳಿಗೂ ಮೈಗೂ ನಡುವೆ ಕೊರೆದ ತೂತಿದ್ದರೆ ಅದನ್ನೂ ಶಿಲ್ಪದ ಭಾಗವೆಂದೇ ನೋಡಿ. ಉಜ್ಜಿ ಅಳಿಸದೆ ಬಿಟ್ಟ ಅರದ ಗೀರುಗಳ ಮೇಲೆ ಓರೆ ಬೆಳಕು ಬಿದ್ದಾಗಲಂತೂ ಕಲ್ಲಿಗೆ ಬೇರೆಯೇ ಕಳೆ.

ನುಣುಪೇ ಬೇಕೆನ್ನುವವರು ಬ್ಯಾಫಿನ್ ದ್ವೀಪದ ಬಳಿಯ ಕಿನ್‌ಗೈಟ್ ಕಡೆ ತಿರುಗಲಿ. ಅಲ್ಲಿಯದು ಹೊಳಪು ಹಿಡಿಯುವ ಹಸಿರು ಸರ್ಪೆಂಟೈನ್ ಕಲ್ಲು. ಅಲ್ಲಿನ ಶಿಲ್ಪಿ ಒಸುಯಿಟೊಕ್ ಇಪೀಲಿ ಅದರಲ್ಲಿ ಕ್ಯಾರಿಬು ಜಿಂಕೆಯ ಇಡೀ ಮೈಭಾರವನ್ನು ಕಡ್ಡಿಯಂಥ ಕಾಲುಗಳ ಮೇಲೆ ನಿಲ್ಲಿಸಿದರು. ಕೈಚಳಕಕ್ಕೆ ಇಪೀಲಿಯೇ ಮೇಲು. ನನ್ನ ಮನಸ್ಸು ಮಾತ್ರ ಟಿಕ್ಟಕ್ ಕಡೆಗೇ.

‘ಸಾವಿರಾರು ವರ್ಷಗಳ ಕಲೆ’ ಎಂಬ ಅಂಗಡಿಯವರ ಮಾತಿಗೆ ಪೂರ್ತಿ ಮರುಳಾಗಬೇಡಿ. ದಂತದ ಪುಟ್ಟ ಕೆತ್ತನೆಗಳು, ಕಲ್ಲಿನ ದೀಪ, ಅಡುಗೆ ಪಾತ್ರೆಗಳು ಹಳೆಯವು, ನಿಜ. ಮಾರುಕಟ್ಟೆಗೆಂದು ಇಷ್ಟು ದೊಡ್ಡ ಪ್ರಮಾಣದಲ್ಲಿ ಕಲ್ಲು ಕೆತ್ತುವುದು ಬೆಳೆದದ್ದು 1949ರ ಮಾಂಟ್ರಿಯಲ್ ಮಾರಾಟದ ನಂತರ. ಕಲಾವಿದ ಜೇಮ್ಸ್ ಹ್ಯೂಸ್ಟನ್ ಉತ್ತರದಿಂದ ತಂದ ಕೆತ್ತನೆಗಳು ಅಲ್ಲಿ ಮೂರೇ ದಿನಕ್ಕೆ ಖಾಲಿಯಾದವು. ಇಂದಿನವರು ಗ್ರೈಂಡರ್ ಹಿಡಿದು, ದೂಳಿಗೆ ಮಾಸ್ಕ್ ಹಾಕಿ, ಚಳಿಯಲ್ಲೇ ಮನೆಯಾಚೆ ನಿಂತು ಕೆತ್ತುತ್ತಾರೆ. ಯಂತ್ರ ಬಂತೆಂದು ಮೂಗು ಮುರಿಯುವುದು ದಡ್ಡತನ.

ಕೆನಡಾದಲ್ಲಿ ನೆಂಟರಿದ್ದರೆ ವಿನಿಪೆಗ್‌ನ ಇನ್ಯೂಟ್ ಕಲಾ ಕೇಂದ್ರ ಕೌಮಾಜುಕ್ ನೋಡಿ ಬನ್ನಿ. 2021ರಲ್ಲಿ ತೆರೆದ ಅಲ್ಲಿನ ಗಾಜಿನ ಉಗ್ರಾಣದಲ್ಲಿ ಸಾವಿರಾರು ಕೆತ್ತನೆಗಳಿವೆ. ಕೊಳ್ಳುವುದಾದರೆ 1958ರಿಂದ ಬಳಕೆಯಲ್ಲಿರುವ, ಕೃತಿ ಅಸಲಿ ಎಂದು ಸಾರುವ ಇಗ್ಲೂ ಗುರುತಿನ ಚೀಟಿ ಇದೆಯೇ ಎಂದು ಕೇಳಿ. ಅಚ್ಚಿಗೆ ಹೊಯ್ದ ನಕಲುಗಳೂ ಪೇಟೆಯಲ್ಲಿವೆ.