ಕಂಠವೂ ಕಪ್ಪು ಅಂಗಿಯೂ

ಬೆರಳ ತುದಿಯಿಂದ ತೆಗೆದ ಕೆಲವೇ ಹನಿ ರಕ್ತದಿಂದ ನೂರಾರು ಪರೀಕ್ಷೆಗಳನ್ನು ನಡೆಸಬಲ್ಲ ಯಂತ್ರವನ್ನು ನಿರ್ಮಿಸಿರುವೆನೆಂದು ಸಾರಿ, ಅಮೆರಿಕದ ಸಿಲಿಕಾನ್ ಕಣಿವೆಯಲ್ಲಿ ಅಪೂರ್ವವಾದ ಪ್ರತಿಷ್ಠೆಯನ್ನೂ ಧನವನ್ನೂ ಸಂಪಾದಿಸಿ, ಕಡೆಗೆ ವಂಚನೆಯ ಅಪರಾಧಿಯೆಂದು ನ್ಯಾಯಸ್ಥಾನದಲ್ಲಿ ನಿರ್ಣೀತರಾದ ಎಲಿಜಬೆತ್ ಹೋಮ್ಸ್ ಅವರ ವೃತ್ತಾಂತವು ಗ್ರಂಥರೂಪದಲ್ಲಿಯೂ ಚಿತ್ರರೂಪದಲ್ಲಿಯೂ ಮತ್ತೆ ಮತ್ತೆ ನಿರೂಪಿತವಾಗಿದೆ. ಅವುಗಳಲ್ಲಿ ಎರಡು, ಎಂದರೆ 2019ರಲ್ಲಿ ಹೊರಬಂದ ಅಲೆಕ್ಸ್ ಗಿಬ್ನಿಯವರ ಸಾಕ್ಷ್ಯಚಿತ್ರ ‘ದಿ ಇನ್ವೆಂಟರ್’ ಮತ್ತು 2022ರ ಧಾರಾವಾಹಿ ‘ದಿ ಡ್ರಾಪೌಟ್’, ರಚನಾಕೌಶಲದಿಂದ ಮೆಚ್ಚತಕ್ಕ ಕೃತಿಗಳು. ಆದರೂ ಇವುಗಳಲ್ಲಿ ಸ್ವಲ್ಪಮಟ್ಟಿಗೂ, ಇವುಗಳನ್ನು ಕುರಿತ ಲೋಕದ ಮಾತುಕತೆಯಲ್ಲಿ ಬಹುಮಟ್ಟಿಗೂ, ಒಂದು ದೃಷ್ಟಿದೋಷವಿರುವುದೆಂದು ನನಗೆ ತೋರುತ್ತದೆ.

ಕತ್ತನ್ನು ಮುಚ್ಚುವ ಕಪ್ಪು ಅಂಗಿ, ರೆಪ್ಪೆ ಮಿಟುಕಿಸದಂತೆ ಕಾಣುವ ವಿಶಾಲನೇತ್ರಗಳು, ತರುಣಿಯೊಬ್ಬಳಿಂದ ನಿರೀಕ್ಷಿಸದಷ್ಟು ತಗ್ಗಿದ ಗಂಭೀರವಾದ ಕಂಠ: ಹೋಮ್ಸ್ ಎಂದೊಡನೆ ಜನಕ್ಕೆ ನೆನಪಾಗುವುದು ಈ ಮೂರು. ಹೋಮ್ಸ್ ಕಟ್ಟಿದ ಥೆರಾನೋಸ್ ಸಂಸ್ಥೆಯ ಪ್ರಚಾರಕ್ಕೆಂದು ತೆಗೆದಿದ್ದ ಚಿತ್ರಿಕೆಗಳನ್ನು ಗಿಬ್ನಿಯವರು ಧಾರಾಳವಾಗಿ ಬಳಸಿಕೊಂಡು, ಆ ಮುಖದ ಮೇಲೆ ದೃಷ್ಟಿಯನ್ನು ಎಷ್ಟು ಹೊತ್ತು ನಿಲ್ಲಿಸುತ್ತಾರೆಂದರೆ, ಕಪಟವು ಕಣ್ಣಿನಲ್ಲಿಯೇ ಬರೆದಿತ್ತು, ನೋಡಿದವರು ಓದಲಿಲ್ಲ ಅಷ್ಟೆ, ಎಂಬ ಭಾವನೆ ಪ್ರೇಕ್ಷಕನಲ್ಲಿ ತಾನಾಗಿ ಮೂಡುತ್ತದೆ. ಧಾರಾವಾಹಿಯಲ್ಲಿ ಹೋಮ್ಸ್ ಪಾತ್ರವನ್ನು ವಹಿಸಿದ ಅಮಾಂಡಾ ಸೈಫ್ರೆಡ್ ಕನ್ನಡಿಯ ಮುಂದೆ ನಿಂತು ಒಂದೇ ವಾಕ್ಯವನ್ನು ಪುನಃ ಪುನಃ ಉಚ್ಚರಿಸುತ್ತ ಧ್ವನಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸುವ ದೃಶ್ಯವಂತೂ ಈ ಎರಡು ಕೃತಿಗಳಲ್ಲಿ ಅತ್ಯಂತ ಉನ್ನತವಾದ ಘಟ್ಟ. ಏಕೆಂದರೆ ಅಲ್ಲಿ ನಮಗೆ ಕಾಣುವವಳು ವಂಚಕಿಯಲ್ಲ, ತನ್ನ ಸಹಜವಾದ ಕಂಠದಿಂದ ನುಡಿದರೆ ಯಾರೂ ಕಿವಿಗೊಡರೆಂದು ಅಂಜಿದ ಹುಡುಗಿ. ಧಾರಾವಾಹಿಯು ಆ ಅಂಜಿಕೆಯ ಮೂಲವನ್ನು ಕೊನೆಯವರೆಗೂ ಅರಸಿಕೊಂಡು ಹೋಗಿದ್ದರೆ ಅದರ ಸತ್ತ್ವ ಇಮ್ಮಡಿಯಾಗುತ್ತಿತ್ತು. ಆದರೆ ಮುಂದೆ ಆ ಕಂಠವು ಪಾತ್ರದ ವಿಕಾರಕ್ಕೆ ಚಿಹ್ನೆಯಾಗಿ ನಿಂತುಬಿಡುತ್ತದೆ.

ವಾಸ್ತವದಲ್ಲಿ ಅನೃತವಿದ್ದುದು ಕಂಠದಲ್ಲಲ್ಲ, ಪ್ರಯೋಗಶಾಲೆಯಲ್ಲಿ. ಥೆರಾನೋಸ್ ಸಂಸ್ಥೆಯ ‘ಎಡಿಸನ್’ ಯಂತ್ರವು ಮಾಡಬಲ್ಲ ಪರೀಕ್ಷೆಗಳು ಸುಮಾರು ಹನ್ನೆರಡು ಮಾತ್ರ. ಉಳಿದವನ್ನು ಸೀಮೆನ್ಸ್ ಮೊದಲಾದ ಅನ್ಯ ಸಂಸ್ಥೆಗಳ ಯಂತ್ರಗಳಲ್ಲಿ ನಡೆಸಿ, ರೋಗಿಗಳಿಗೂ ಹೂಡಿಕೆದಾರರಿಗೂ ಆ ಸಂಗತಿಯನ್ನು ಮರೆಮಾಡಲಾಗುತ್ತಿತ್ತು. ಇದನ್ನು ಬಯಲಿಗೆ ತರಲು ನೆರವಾದವರು ಎರಿಕಾ ಚೆಯುಂಗ್, ಟೈಲರ್ ಶುಲ್ಟ್ಸ್ ಎಂಬ ಕಿರಿಯ ನೌಕರರು. ಲೋಕಕ್ಕೆ ತಿಳಿಸಿದುದು 2015ರ ಅಕ್ಟೋಬರಿನಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆಯ ಜಾನ್ ಕ್ಯಾರಿರೂ ಬರೆದ ಲೇಖನ. ಇವರಾರೂ ಧ್ವನಿಯ ಆಳವನ್ನು ಅಳೆಯಲು ಹೋಗಲಿಲ್ಲ, ಫಲಿತಾಂಶಗಳನ್ನು ಪರಿಶೀಲಿಸಿದರು. ಆದರೆ ಹೆನ್ರಿ ಕಿಸಿಂಜರ್, ಜಾರ್ಜ್ ಶುಲ್ಟ್ಸ್‌ರಂತಹ ರಾಜ್ಯಧುರಂಧರರಿಂದ ತುಂಬಿದ್ದ ನಿರ್ದೇಶಕಮಂಡಲಿಯು ಹೋಮ್ಸ್ ಅವರಲ್ಲಿ ಸ್ಟೀವ್ ಜಾಬ್ಸ್‌ರ ಪ್ರತಿರೂಪವನ್ನು ಕಂಡು ತೃಪ್ತಿಪಟ್ಟಿತು. ಜಾಬ್ಸ್ ತೊಟ್ಟ ಅದೇ ಬಗೆಯ ಕಪ್ಪು ಅಂಗಿಯನ್ನು ವೇಷವೆಂದು ಕರೆದು ದೂಷಿಸಿದವರು ಮಾತ್ರ ವಿರಳ.

ಇನ್ನೊಂದು ಸಂಗತಿಯನ್ನು ಇಲ್ಲಿ ಒತ್ತಿ ಹೇಳಬೇಕು. ಸಂಸ್ಥೆಯ ಅಧ್ಯಕ್ಷರಾಗಿದ್ದ ರಮೇಶ್ ಬಲ್ವಾನಿಯವರು 2022ರ ಜುಲೈಯಲ್ಲಿ ತಮ್ಮ ಮೇಲಿನ ಹನ್ನೆರಡು ಆರೋಪಗಳಲ್ಲಿಯೂ ಅಪರಾಧಿಯೆಂದು ನಿರ್ಣೀತರಾದರು. ಹೋಮ್ಸ್ ಅವರ ಮೇಲೆ ಸಿದ್ಧವಾದುದು ನಾಲ್ಕು. ಶಿಕ್ಷೆಯ ಅವಧಿಯೂ ಬಲ್ವಾನಿಯವರಿಗೇ ಹೆಚ್ಚು. ಆದರೆ ಅವರ ಕಂಠ ಎಂಥದು, ಉಡುಪು ಎಂಥದು ಎಂಬುದನ್ನು ಬಲ್ಲವರೆಷ್ಟು ಮಂದಿ? ಪುರುಷನ ಅಪರಾಧವನ್ನು ಅವನ ಕೃತ್ಯದಿಂದಲೂ ಸ್ತ್ರೀಯ ಅಪರಾಧವನ್ನು ಅವಳ ಕಾಯದಿಂದಲೂ ಗುರುತಿಸುವ ಪದ್ಧತಿಗೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ದೊರೆಯಲಾರದು.

ಹೋಮ್ಸ್ ಅವರ ಆ ತಗ್ಗಿದ ಕಂಠವನ್ನು ಬೇಡಿದವರು ಯಾರು? ವ್ಯವಹಾರಜಗತ್ತು ತನ್ನನ್ನು ಎಳೆಯ ಹುಡುಗಿಯೆಂದು ಬಗೆಯದೆ, ತನ್ನ ತಾಂತ್ರಿಕ ವಿಚಾರಗಳನ್ನು ಮನ್ನಿಸಲೆಂದು ಆ ರೂಪವನ್ನು ತಾಳಿದೆನೆಂದು ಹೋಮ್ಸ್ 2023ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಗೆ ಹೇಳಿದರು. ವಂಚಕಿಯ ಮಾತೆಂದು ಇದನ್ನು ತಳ್ಳಿಹಾಕುವಂತಿಲ್ಲ. ಒಂದೇ ವ್ಯಾಪಾರಯೋಜನೆಯನ್ನು ಒಮ್ಮೆ ಗಂಡುಧ್ವನಿಯಲ್ಲಿಯೂ ಒಮ್ಮೆ ಹೆಣ್ಣುಧ್ವನಿಯಲ್ಲಿಯೂ ಕೇಳಿಸಿದಾಗ ಗಂಡುಧ್ವನಿಯ ಯೋಜನೆಗೇ ಹೆಚ್ಚು ಮಂದಿ ಒಲಿದರೆಂದು ಅಲಿಸನ್ ವುಡ್ ಬ್ರೂಕ್ಸ್ ಮತ್ತು ಅವರ ಸಹೋದ್ಯೋಗಿಗಳು 2014ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸುತ್ತದೆ. ಅದೇ ಅಧ್ಯಯನದಲ್ಲಿ ಪುರುಷನಿಗೆ ಚೆಲುವು ನೆರವಾಯಿತು, ಸ್ತ್ರೀಗೆ ಅದೂ ಆಗಲಿಲ್ಲ. ಇನ್ನು ಹೆಣ್ತನವನ್ನು ಮರೆಮಾಡದೆ ನಡೆದವರಾದರೂ ಸುಖಪಟ್ಟರೆ? ಯಾಹೂ ಸಂಸ್ಥೆಯ ಮುಖ್ಯಸ್ಥೆಯಾಗಿದ್ದ ಮರಿಸ್ಸಾ ಮೇಯರ್, ಸ್ವತಃ ಗಣಕವಿಜ್ಞಾನದಲ್ಲಿ ಪದವಿ ಪಡೆದ ಎಂಜಿನಿಯರು, 2013ರಲ್ಲಿ ವೋಗ್ ಪತ್ರಿಕೆಗಾಗಿ ನೀಲಿಯುಡುಪು ತೊಟ್ಟು ಒರಗುಕುರ್ಚಿಯ ಮೇಲೆ ತಲೆಕೆಳಗಾಗಿ ಮಲಗಿದ ಭಂಗಿಯಲ್ಲಿ ಚಿತ್ರ ತೆಗೆಸಿಕೊಂಡಾಗ, ಇದು ಆ ಹುದ್ದೆಗೆ ತಕ್ಕುದೇ ಎಂಬ ಜಿಜ್ಞಾಸೆ ಎದ್ದಿತು. ಅಲಂಕಾರವನ್ನು ತೊರೆದವಳು ಕಪಟಿ, ತೊಟ್ಟವಳು ಚಪಲೆ ಎಂದಾದರೆ, ಕೆಲಸವನ್ನು ತೂಗುವ ತಕ್ಕಡಿಯನ್ನು ಎಲ್ಲಿ ಇಟ್ಟುಕೊಂಡಿದ್ದೇವೆ?

ಹೋಮ್ಸ್ ಅವರ ಅಪರಾಧವನ್ನು ಕಿರಿದುಮಾಡುವುದು ನನ್ನ ಇಷ್ಟವಲ್ಲ. ತಪ್ಪು ಫಲಿತಾಂಶವನ್ನು ನಂಬಿ ತಲ್ಲಣಿಸಿದ ರೋಗಿಗಳನ್ನು ಮರೆತು ಆಕೆಗಾಗಿ ಮರುಗುವುದು ಅನ್ಯಾಯ. ಆದರೆ ಅಪರಾಧದ ಸ್ಥಾನವನ್ನು ತಪ್ಪಾಗಿ ಗುರುತಿಸಿದರೆ ದಂಡ ಬೀಳುವುದು ನಿರಪರಾಧಿಗಳ ಮೇಲೆ. ಥೆರಾನೋಸ್ ಮುಳುಗಿದ ಬಳಿಕ ಆರೋಗ್ಯತಂತ್ರಜ್ಞಾನದಲ್ಲಿ ಉದ್ಯಮ ಕಟ್ಟಹೊರಟ ಹಲವು ಮಹಿಳೆಯರನ್ನು ಹೋಮ್ಸ್‌ರೊಡನೆ ಹೋಲಿಸಿ ಶಂಕಿಸಿದ್ದುಂಟು. ಹೊಂಗೂದಲಿನ ಒಬ್ಬರಿಗೆ, ಆ ಹೋಲಿಕೆ ತಪ್ಪಲೆಂದು, ಕೂದಲಿನ ಬಣ್ಣವನ್ನೇ ಬದಲಿಸಿಕೊಳ್ಳುವಂತೆ ಸಲಹೆ ಬಂದಿತ್ತು. ಅವರ ಸಂಸ್ಥೆಯ ಪರೀಕ್ಷೆಗಳು ಎಷ್ಟು ನಿಖರ, ಅವನ್ನು ಪರಿಶೀಲಿಸಿದವರು ಯಾರು ಎಂದು ಕೇಳುವುದಕ್ಕೆ ಕೂದಲಿನತ್ತ ನೋಡುವ ಅಗತ್ಯವೇ ಇರಲಿಲ್ಲ. ಥೆರಾನೋಸಿನ ಹೂಡಿಕೆದಾರರು ಕೇಳಬೇಕಾಗಿದ್ದುದೂ ಅದನ್ನೇ.