ನಿಯಮ ಸರಿಯಿದ್ದರೆ ಸಾಕೆ?

ಕಂಪ್ಯೂಟರಿನೊಳಗೂ ಲೈಬ್ರರಿ ಇದೆ ಎಂದರೆ ನಗಬೇಡಿ. ಅಲ್ಲಿರುವುದು ಪುಸ್ತಕಗಳಲ್ಲ, ಎಲ್ಲ ಪ್ರೋಗ್ರಾಮುಗಳೂ ಕೇಳಿ ಮಾಡಿಸಿಕೊಳ್ಳುವ ಸಣ್ಣಪುಟ್ಟ ಕೆಲಸಗಳು. ಲಿನಕ್ಸಿನಲ್ಲಿ ಇಂಥ ಮುಖ್ಯ ಲೈಬ್ರರಿಯ ಹೆಸರು ಜಿಲಿಬ್‌ಸಿ. ಅದರೊಳಗಿನ ‘ಮೆಮ್‌ಕಾಪಿ’ಯನ್ನು ಚುರುಕುಗೊಳಿಸಲು ಹೋಗಿ 2010ರಲ್ಲಿ ಎದ್ದ ಜಗಳ ನನ್ನನ್ನು ಯೋಚನೆಗೆ ಹಚ್ಚಿದೆ.

ಮೆಮ್‌ಕಾಪಿಯ ಕೆಲಸ ನಕಲು ಮಾಡುವುದು. ಕರಿಹಲಗೆಯ ಐದು ಸಾಲುಗಳನ್ನು ಒಂದೊಂದು ಸಾಲು ಮೇಲಕ್ಕೆ ಸರಿಸಬೇಕೆಂದುಕೊಳ್ಳಿ. ಮೇಲಿನಿಂದ ಶುರುಮಾಡಿದರೆ ತೊಂದರೆಯಿಲ್ಲ. ಕೆಳಗಿನಿಂದ ಶುರುಮಾಡಿದರೆ ಐದನೆಯ ಸಾಲು ನಾಲ್ಕನೆಯದರ ಮೇಲೆ ಕೂತು ಅದನ್ನು ಅಳಿಸಿಬಿಡುತ್ತದೆ. ಹೀಗೆ ಜಾಗಗಳು ಒಂದರ ಮೇಲೊಂದು ಬರುವ ಕಡೆ ಮೆಮ್‌ಕಾಪಿ ಬಳಸಕೂಡದು, ‘ಮೆಮ್‌ಮೂವ್’ ಬಳಸಬೇಕು ಎಂಬುದು ಸಿ ಭಾಷೆಯ ನಿಯಮ. ಅಡೋಬಿಯವರ ಫ್ಲ್ಯಾಶ್ ಈ ನಿಯಮ ಮೀರಿತ್ತು. ಹಳೆಯ ಮೆಮ್‌ಕಾಪಿ ಮೇಲಿನಿಂದಲೇ ಬರುತ್ತಿದ್ದುದರಿಂದ ತಪ್ಪು ಮುಚ್ಚಿಹೋಗಿತ್ತು. ಹೊಸದು ಕೆಲವು ಬಗೆಯ ಪ್ರೊಸೆಸರ್‌ಗಳಲ್ಲಿ ಮಾತ್ರ ಕೆಳಗಿನಿಂದ ಹೊರಟಿತು. ಫೆಡೋರಾ 14 ಹಾಕಿಕೊಂಡ ಕೆಲವರ ಯಂತ್ರಗಳಲ್ಲಿ ಹಾಡು ಕರ್ಕಶವಾಯಿತು. ಬೇರೆ ಪ್ರೊಸೆಸರ್ ಇದ್ದವರಿಗೆ ಏನೂ ಆಗಲಿಲ್ಲ.

ತಪ್ಪು ಫ್ಲ್ಯಾಶಿನದು, ಲೈಬ್ರರಿಯದಲ್ಲ ಎಂಬ ವಾದ ಬಂತು. ಲಿನಕ್ಸಿನ ಜನಕ ಲಿನಸ್ ಟೊರ್ವಾಲ್ಡ್ಸ್ ಒಪ್ಪಲಿಲ್ಲ. ಬಳಸುವವರ ಕೆಲಸ ಕೆಟ್ಟಮೇಲೆ ನಿಯಮ ತೋರಿಸಿ ಪ್ರಯೋಜನವೇನು ಎಂಬುದು ಅವರ ನಿಲುವು.

ನನಗೂ ಮೊದಲನೆಯ ವಾದ ವ್ಯಾಕರಣಶುದ್ಧವಾಗಿ ಕಂಡರೂ ಅರ್ಧ ಮಾತು ಅನ್ನಿಸುತ್ತದೆ. ಫ್ಲ್ಯಾಶಿನ ಮೂಲ ಬರಹ ಅಡೋಬಿಯವರ ಬಳಿಯೇ ಇತ್ತು. ಹಾಡು ಕೇಳಲು ಕೂತವರು ಅದನ್ನು ತಿದ್ದುವಂತಿರಲಿಲ್ಲ. ನಿಯಮ ಮೀರಿದವರು ಒಬ್ಬರು, ಅನುಭವಿಸಿದವರು ಇನ್ನೊಬ್ಬರು. ಮನೆಗಳಲ್ಲಿ ನಾವು ಕಾಣದ ಸಂಗತಿಯೇ ಇದು? ಶಾಲೆಯಲ್ಲೂ ಮುಂದಿನ ಬೆಂಚಿನ ಮಕ್ಕಳು ತಲೆಯಾಡಿಸಿದ್ದನ್ನು ನೋಡಿ ಪಾಠ ಮುಗಿಯಿತೆನ್ನುವವರಿದ್ದಾರೆ. ಹಿಂದಿನ ಬೆಂಚನ್ನು ಕೇಳದೆ ಅದು ತಿಳಿಯುವುದಿಲ್ಲ. ಲೈಬ್ರರಿಯೂ ಹಾಗೆಯೇ, ಬಗೆಬಗೆಯ ಪ್ರೊಸೆಸರ್‌ಗಳಲ್ಲಿ, ಜನ ದಿನವೂ ಬಳಸುವ ಪ್ರೋಗ್ರಾಮುಗಳನ್ನು ಓಡಿಸಿ ನೋಡಬೇಕು.

ಹಾಗೆಂದು ಎಲ್ಲರ ತಪ್ಪನ್ನೂ ಹೊಟ್ಟೆಗೆ ಹಾಕಿಕೊಳ್ಳುತ್ತ ಕೂತರೆ ಸುಧಾರಣೆಯೇ ಆಗದು. ಆದ್ದರಿಂದ 2011ರ ಜಿಲಿಬ್‌ಸಿ 2.14ರಲ್ಲಿ ಮಾಡಿದ ಏರ್ಪಾಟು ನನಗೆ ಮೆಚ್ಚುಗೆಯಾಯಿತು. ಹಿಂದೆಯೇ ಸಿದ್ಧವಾಗಿದ್ದ ಪ್ರೋಗ್ರಾಮುಗಳಿಗೆ ಅಪಾಯವಿಲ್ಲದ ರೀತಿ, ಹೊಸದಾಗಿ ಸಿದ್ಧವಾಗುವವಕ್ಕೆ ಚುರುಕಿನ ಮೆಮ್‌ಕಾಪಿ. ಫ್ಲ್ಯಾಶನ್ನು ಅಡೋಬಿ 2020ರ ಕೊನೆಗೆ ನಿಲ್ಲಿಸಿತು; ಹಳಬರಿಗಾಗಿ ಮಾಡಿದ ಈ ಅನುಕೂಲ ಇಂದಿಗೂ ಲೈಬ್ರರಿಯಲ್ಲಿದೆ. ಇಷ್ಟು ಸರಳವಾದ ಉಪಾಯ ಜಗಳಕ್ಕೆ ಮುಂಚೆಯೇ ಹೊಳೆಯಬೇಕಿತ್ತು ಎಂಬುದಷ್ಟೇ ನನ್ನ ತಕರಾರು.