ಆಡುಮಾತಿಗೆ ಮಟ್ಟು ಕಟ್ಟಿದ ಹಂಸಲೇಖ

ನವೆಂಬರ್ ಬಂತೆಂದರೆ ಪೀಣ್ಯದ ಕಾರ್ಖಾನೆಗಳ ಎದುರೂ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಐಟಿ ಕಂಪನಿಗಳ ಆವರಣದಲ್ಲೂ ರಾಜ್ಯೋತ್ಸವದ ಶಾಮಿಯಾನ ಏಳುತ್ತದೆ. ಲೇತ್ ಯಂತ್ರದ ಮುಂದೆ ದುಡಿಯುವವರಿಗೂ ಕಂಪ್ಯೂಟರ್ ಮುಂದೆ ಕೂರುವವರಿಗೂ ಸಂಬಳ ಒಂದಲ್ಲ, ಊಟ ಒಂದಲ್ಲ, ಅಭಿರುಚಿಯೂ ಒಂದಲ್ಲ. ಆದರೂ 1993ರ ‘ಆಕಸ್ಮಿಕ’ ಚಿತ್ರಕ್ಕಾಗಿ ರಾಜ್‌ಕುಮಾರ್ ಹಾಡಿದ ಆ ಕನ್ನಡ ನಾಡಿನ ಹಾಡು ಬಂದೊಡನೆ ಎರಡೂ ಕಡೆ ಜನ ದನಿಗೂಡಿಸುತ್ತಾರೆ. ಇದನ್ನು ಬರೀ ನಾಡಾಭಿಮಾನದ ಲೆಕ್ಕಕ್ಕೆ ಹಾಕುವುದು ಸರಿಯಲ್ಲ. ನಾಡನ್ನು ಹೊಗಳುವ ಹಾಡುಗಳಿಗೆ ನಮ್ಮಲ್ಲಿ ಬರವಿಲ್ಲ. ಈ ಹಾಡಿನ ಪದವನ್ನೂ ಮಟ್ಟನ್ನೂ ಕಟ್ಟಿದ ಹಂಸಲೇಖ ಇಲ್ಲಿ ಮಾಡಿದ್ದು ಬೇರೆ. ಡಿ.ವಿ.ಜಿ. 1943ರ ‘ಮಂಕುತಿಮ್ಮನ ಕಗ್ಗ’ದಲ್ಲಿ ಬದುಕನ್ನು ಜಟಕಾ ಬಂಡಿಗೆ ಹೋಲಿಸಿದ್ದರು. ಆ ತಾತ್ವಿಕ ರೂಪಕವನ್ನು ಹಂಸಲೇಖ ಮತ್ತೆ ಗಾಡಿಯ ಮೇಲೆಯೇ ಕೂರಿಸಿದರು, ಕುದುರೆಯ ನಡೆಯನ್ನೇ ತಾಳ ಮಾಡಿದರು. ಹಾಡಿನ ಅರ್ಥ ಕಿವಿಗೆ ಬೀಳುವ ಮೊದಲೇ ಅದರ ಓಟ ಮೈಗೆ ಹತ್ತುತ್ತದೆ.

ಹಂಸಲೇಖರಂಥ ಒಬ್ಬ ಗೀತಕಾರನನ್ನು ನಾಲ್ಕು ದಶಕ ಮೆಚ್ಚುತ್ತಾ ಬರುವ ಸಂಗೀತ ವಿಮರ್ಶೆಗೆ ಒಂದು ಅಪಾಯವಿದೆ. ಮೊದಲು ಮನಸ್ಸು ಗೆದ್ದ ಕಾಲಘಟ್ಟವೇ ಅಳತೆಗೋಲಾಗಿಬಿಡುತ್ತದೆ, ಮುಂದಿನದೆಲ್ಲ ಅದಕ್ಕಿಂತ ಸಪ್ಪೆ ಎನಿಸುತ್ತದೆ. ‘ನ್ಯೂಯಾರ್ಕ್ ಟೈಮ್ಸ್’ನ ರಾಬರ್ಟ್ ಶೆಲ್ಟನ್ 1961ರಲ್ಲಿ ಇನ್ನೂ ಹೆಸರು ಮಾಡಿರದ ಬಾಬ್ ಡಿಲನ್ ಬಗ್ಗೆ ಬರೆದರು, ಅವರು ಬರೆದ ಡಿಲನ್ ಜೀವನಚರಿತ್ರೆ ಹೊರಬಂದದ್ದು 1986ರಲ್ಲಿ. ಆ 25 ವರ್ಷಗಳಲ್ಲಿ ಡಿಲನ್ ಜಾನಪದದಿಂದ ರಾಕ್‌ಗೆ, ಅಲ್ಲಿಂದ ಗಾಸ್ಪೆಲ್‌ಗೆ ಹೋದರು. ಇಂಥ ಕಲಾವಿದನ ಜೊತೆ ಸಾಗಬೇಕಾದರೆ ವಿಮರ್ಶಕ ಒಂದು ಶೈಲಿಗೆ ಅಂಟಿಕೊಳ್ಳದೆ, ಶೈಲಿ ಬದಲಾದರೂ ಬದಲಾಗದೆ ಉಳಿಯುವುದೇನು ಎಂದು ಹುಡುಕಬೇಕು. ಹಂಸಲೇಖರಲ್ಲಿ ಹಾಗೆ ಉಳಿದುಬಂದದ್ದು ಆಡುಮಾತಿನ ಲಯ. ಅವರಿಗಿಂತ ಮೊದಲು ಕನ್ನಡ ಚಿತ್ರಗೀತೆಯಲ್ಲಿ ಸಾಹಿತ್ಯ ಒಬ್ಬರದು, ಸಂಗೀತ ಇನ್ನೊಬ್ಬರದು ಎಂಬುದೇ ಹೆಚ್ಚಿನ ವಾಡಿಕೆ. ಆ ವ್ಯವಸ್ಥೆಯಲ್ಲಿ ಚಿ. ಉದಯಶಂಕರ್, ಆರ್.ಎನ್. ಜಯಗೋಪಾಲ್ ಅಂಥ ಗೀತಕಾರರು ದೊಡ್ಡ ಕೆಲಸ ಮಾಡಿದ್ದಾರೆ, ನಿಜ. ಆದರೆ ಪದವೂ ಮಟ್ಟೂ ಒಬ್ಬರ ತಲೆಯಲ್ಲೇ ಹುಟ್ಟಿದಾಗ ಮಾತು ರಾಗಕ್ಕಾಗಿ ಬಾಗಬೇಕಿಲ್ಲ. 1987ರ ‘ಪ್ರೇಮಲೋಕ’ ಚಿತ್ರ ಇದನ್ನು ತೋರಿಸಿತು. ಅಲ್ಲಿ ಹುಡುಗ ಹುಡುಗಿ ಕೆಣಕುವುದು, ಜಗಳವಾಡುವುದು, ರಾಜಿಯಾಗುವುದು ಎಲ್ಲ ಹಾಡಿನಲ್ಲೇ ನಡೆಯುತ್ತದೆ. ಪ್ರಶ್ನೆ ಕೇಳುವಾಗ ಸ್ವರ ಏರುವುದು, ಉತ್ತರಕ್ಕೆ ಇಳಿಯುವುದು ಕಾಲೇಜು ಕಾರಿಡಾರಿನ ಮಾತಿನಂತೆಯೇ ಇದೆ.

ಇದಕ್ಕೆ ಗಟ್ಟಿಯಾದ ಆಕ್ಷೇಪಗಳಿವೆ. ಪ್ರಾಸದ ಹುಚ್ಚು, ದ್ವಂದ್ವಾರ್ಥ, ಅರ್ಥಕ್ಕಿಂತ ಸದ್ದಿಗಾಗಿ ಬಂದ ಪದಗಳು: ತೊಂಬತ್ತರ ದಶಕದ ಅವರ ರಾಶಿ ಹಾಡುಗಳಲ್ಲಿ ಇವೆಲ್ಲ ಧಾರಾಳವಾಗಿವೆ. ಅವಸರದಲ್ಲಿ ಹೊಸೆದ ಎಷ್ಟೋ ಹಾಡುಗಳ ಕೀಬೋರ್ಡ್ ನಾದವೂ ಇಂದು ತೆಳ್ಳಗೆ ಕೇಳುತ್ತದೆ. ಅವನ್ನು ಸಮರ್ಥಿಸುವುದು ಮೆಚ್ಚುಗೆಗೆ ಶೋಭೆಯಲ್ಲ. ಆದರೆ ಆಡುಮಾತನ್ನು ನಂಬಿದವನಿಗೆ ಅದರ ಒರಟುತನವೂ ಅಂಟಿಕೊಂಡೇ ಬರುತ್ತದೆ. ಸೋತ ಹಾಡುಗಳೂ ಗೆದ್ದ ಹಾಡುಗಳೂ ಒಂದೇ ಬೇರಿನವು. ಇನ್ನೊಂದು ಆಕ್ಷೇಪ ಇದಕ್ಕಿಂತ ಸೂಕ್ಷ್ಮ: ಬದಲಾದದ್ದು ಚಿತ್ರಗಳು ಮತ್ತು ನಿರ್ದೇಶಕರು, ಹಂಸಲೇಖ ಬೇಡಿಕೆಗೆ ತಕ್ಕಂತೆ ಸರಕು ಕೊಟ್ಟರು ಅಷ್ಟೇ ಎಂಬುದು. ಬರೀ ಪೂರೈಕೆಯಾಗಿದ್ದರೆ ‘ಗಾನಯೋಗಿ ಪಂಚಾಕ್ಷರ ಗವಾಯಿ’ಯಲ್ಲಿ ಹಿಂದೂಸ್ತಾನಿಯ ಅನುಕರಣೆಯಷ್ಟೇ ಸಿಗುತ್ತಿತ್ತು. ಅವರಿಗೆ ರಾಷ್ಟ್ರಪ್ರಶಸ್ತಿ ತಂದುಕೊಟ್ಟ ಆ ಚಿತ್ರದಲ್ಲಿ, ಅದೇ ಚಿತ್ರಕ್ಕಾಗಿ ರಾಷ್ಟ್ರಪ್ರಶಸ್ತಿ ಪಡೆದ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ಗಾಯನ ಶಾಸ್ತ್ರದ ಭಾರ ಹೊತ್ತೂ ಚಿತ್ರದ ಕೇಳುಗನನ್ನು ದೂರ ನಿಲ್ಲಿಸುವುದಿಲ್ಲ. ಪರಿಚಿತ ನಾದವನ್ನೆಲ್ಲ ಕಳಚಿಟ್ಟು ನಿಂತಾಗಲೂ ಕೇಳುಗನ ಕಿವಿಯ ಅಳತೆ ಹಂಸಲೇಖರಿಗೆ ತಪ್ಪಿಲ್ಲ.

ಹಂಸಲೇಖರ ಕಾಲ ‘ಪ್ರೇಮಲೋಕ’ದ ಹತ್ತು ವರ್ಷಕ್ಕೇ ಮುಗಿಯಿತು ಎನ್ನುವವರು 2005ರ ‘ನೆನಪಿರಲಿ’ಯನ್ನು ಮತ್ತೆ ಕೇಳಬೇಕು. 1951ರಲ್ಲಿ ಹುಟ್ಟಿದ ಹಂಸಲೇಖರಿಗೆ ಆಗ ಐವತ್ತು ದಾಟಿತ್ತು. ಆ ಚಿತ್ರದಲ್ಲಿ ಪ್ರೇಮಿಗಳು ಸುತ್ತುವ ಮೈಸೂರಿನ ಜಾಗಗಳನ್ನೇ ಒಂದರ ಹಿಂದೊಂದು ಪೋಣಿಸಿದ ಹಾಡೊಂದಿದೆ. ಚಂದ್ರ, ಹೂವು, ದುಂಬಿಗಳ ಹಳೆಯ ಸಾಮಗ್ರಿಯನ್ನು ಬಿಟ್ಟು ಊರಿನ ಕೆರೆಗಳನ್ನೇ ಅದು ಪ್ರೇಮದ ವಿಳಾಸ ಮಾಡುತ್ತದೆ. ಕುಕ್ಕರಹಳ್ಳಿ ಎಂಬ ಉದ್ದನೆಯ ಹೆಸರು ಮೈಸೂರಿಗರ ಬಾಯಲ್ಲಿ ಕುಕ್ರಳ್ಳಿ ಆಗುವಂತೆ ಹಾಡಿನಲ್ಲೂ ಆಗುತ್ತದೆ. ಆ ಒತ್ತಕ್ಷರಗಳ ಗಡಸು ಸದ್ದೇ ತಾಳದ ಪೆಟ್ಟು. ಹೆಸರನ್ನು ಬಿಡಿಸಿ, ತಿದ್ದಿ ಬರೆದು ಹಾಡಿದರೆ ಮಟ್ಟೇ ಕುಸಿಯುತ್ತದೆ.